ಪುಟದ ಬುಡದಲ್ಲಿ ಕೂತವರು

ಕಲೀಪಾ ಎಜೆಗೆ ಲೇಖಕರನ್ನು ಕಂಡರೆ ಆಗುತ್ತಿರಲಿಲ್ಲ. ಇದೇನು ದೊಡ್ಡ ಸಂಗತಿಯಲ್ಲ. ಲೇಖಕರನ್ನು ಕಂಡರೆ ಆಗದವರು ನಮ್ಮ ಚೂಯ್ ಕಣಿವೆಯ ತುಂಬ ಇದ್ದಾರೆ. ಆದರೆ ಅವರೆಲ್ಲ ಪುಸ್ತಕ ಓದದೆ ತಪ್ಪಿಸಿಕೊಳ್ಳುತ್ತಾರೆ. ಎಜೆಗೆ ಆ ದಾರಿ ಇರಲಿಲ್ಲ. ನಮ್ಮ ಊರಿನ ಅಂಧರ ಗ್ರಂಥಾಲಯದಲ್ಲಿ ಕರಡು ತಿದ್ದುವ ಕೆಲಸ ಅವರದು. ಲೇಖಕರು ಬರೆದದ್ದನ್ನು ಒಂದಕ್ಷರ ಬಿಡದೆ ಓದುವ ಜೀವ ಈ ಊರಿನಲ್ಲಿ ಅವರೊಬ್ಬರೇ. ಲೇಖಕರ ಹೆಂಡಂದಿರೂ ಅಷ್ಟು ಓದಿರಲಾರರು.

ಊರಿಗೆಲ್ಲ ಅವರು ಎಜೆ, ಅಂದರೆ ಅಕ್ಕ. ಮೊದಲು ಜಿಲ್ಲೆಯ ಪತ್ರಿಕೆಯಲ್ಲಿದ್ದರು. ಹಾಲಿನ ಇಳುವರಿಯ ವರದಿಗಳಲ್ಲಿ ಅಲ್ಪವಿರಾಮ ಹುಡುಕುತ್ತ ಯೌವನ ಕಳೆದವರು. ಪತ್ರಿಕೆ ಮುಚ್ಚಿದಾಗ ಹಸುಗಳಿಗೆ ಬೇಸರವಾಯಿತೋ ಏನೋ, ಓದುಗರಿಗಂತೂ ಆಗಲಿಲ್ಲ. ಆಮೇಲೆ ಇಲ್ಲಿಗೆ ಬಂದರು. ದಪ್ಪ ಕನ್ನಡಕ, ಅದಕ್ಕೊಂದು ಚಡ್ಡಿಯ ಎಲಾಸ್ಟಿಕ್, ಸದಾ ಪಕ್ಕದಲ್ಲೊಂದು ಬಟ್ಟಲು ಹಾಲು ಹಾಕಿದ ಚಹಾ, ಬಾಯಲ್ಲಿ ಯಾವನೋ ಒಬ್ಬ ಲೇಖಕನಿಗೆ ಶಾಪ.

ನಾನು ಸೈರಾ. ನನ್ನದು ಸ್ಕ್ಯಾನರ್ ಮುಂದಿನ ಕೆಲಸ. ಪುಸ್ತಕವನ್ನು ಗಾಜಿನ ಮೇಲೆ ಕವುಚಿ ಹಾಕಿ ಒತ್ತಿ ಹಿಡಿದರೆ ಯಂತ್ರ ಪುಟದ ಚಿತ್ರ ತೆಗೆದು ಅದನ್ನು ಅಕ್ಷರ ಮಾಡಿಕೊಡುತ್ತದೆ. ಕಣ್ಣಿಲ್ಲದವರು ಅದನ್ನು ತಮ್ಮ ಪುಟ್ಟ ಪೆಟ್ಟಿಗೆಯಲ್ಲಿ ಹಾಕಿಕೊಂಡು ಕೇಳುತ್ತಾರೆ. ತೊಂದರೆ ಏನೆಂದರೆ ಯಂತ್ರಕ್ಕೆ ಅಕ್ಷರ ಗೊತ್ತು, ಅಡಿಟಿಪ್ಪಣಿ ಗೊತ್ತಿಲ್ಲ. ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿರುವುದನ್ನು ಅದು ಮೇಲಿನ ಸಾಲಿಗೇ ಅಂಟಿಸಿ ಮುಂದಿನ ಪುಟಕ್ಕೆ ನಡೆದುಬಿಡುತ್ತದೆ. ಒಂದು ಕಾದಂಬರಿಯ ನಾಯಕ ಜೋಳದ ಹೊಲದಲ್ಲಿ ಹುಡುಗಿಯ ಕೈ ಹಿಡಿದು ಬಾಯಿ ತೆರೆದಿದ್ದ, ಅಷ್ಟರಲ್ಲಿ ಪುಟ ಮುಗಿಯಿತು. ಕೇಳುವವರ ಕಿವಿಗೆ ಬಿದ್ದದ್ದು ಇದು: "ನಿನ್ನನ್ನು ಬಿಟ್ಟು ಹಳೆಯ ಅಳತೆಯಂತೆ ಒಂದು ಹೆಕ್ಟೇರಿಗಿಂತ ತುಸು ಹೆಚ್ಚು ಬದುಕಲಾರೆ." ಕಣ್ಣಿಲ್ಲದವರೇ ಕೆಲಸ ಮಾಡುವ ನಮ್ಮೂರ ಬ್ರಷ್ ಕಾರ್ಖಾನೆಯ ಹುಡುಗರು ಎಷ್ಟೋ ತಿಂಗಳು ಇದನ್ನೇ ಹೇಳಿಕೊಂಡು ಹುಡುಗಿಯರ ಹಿಂದೆ ಬಿದ್ದಿದ್ದರು.

ಕರಡು ತಿದ್ದುವವರು ಇಲ್ಲಿ ಮಾಡಬೇಕಾದದ್ದು ಸುಲಭ. ಟಿಪ್ಪಣಿಯ ನಕ್ಷತ್ರ ಚಿಹ್ನೆ ಎಲ್ಲಿದೆ ಎಂದು ಹುಡುಕಬೇಕು, ಟಿಪ್ಪಣಿಯನ್ನು ಎತ್ತಿ ಆ ಪ್ಯಾರಾದ ಕೊನೆಯಲ್ಲಿ ಇಡಬೇಕು, ಅದರ ಮೊದಲು "ಟಿಪ್ಪಣಿ" ಎಂದೂ ಕೊನೆಗೆ "ಟಿಪ್ಪಣಿ ಮುಗಿಯಿತು" ಎಂದೂ ಬರೆಯಬೇಕು. ರಾಜಧಾನಿ ಬಿಷ್ಕೆಕ್‌ನ ಕಚೇರಿಯಿಂದ ಬಂದ ನಿಯಮ ಇದು. ಕತ್ತೆಯೂ ಕಲಿಯಬಹುದಾದ ಕೆಲಸ. ನಾನೇ ಕಲಿತಿದ್ದೆ.

ಕಲೀಪಾ ಎಜೆ ಕಲಿಯಲಿಲ್ಲ. ಅವರಿಗೆ ಬರಲಿಲ್ಲ ಎಂದಲ್ಲ, ಒಪ್ಪಿಗೆಯಾಗಲಿಲ್ಲ. ನಮ್ಮ ಬೀದಿಯಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಬಂದವರನ್ನು ಕೂರಿಸುವ ಅಧಿಕಾರ ಅವರದು. ಬಾಗಿಲಿಗೆ ಎದುರಾದ, ತೋರ್ ಎನ್ನುವ ಹಿರಿಯ ಜಾಗದಲ್ಲಿ ಯಾರು, ಬೂಟು ಬಿಡುವ ಕಡೆ ಯಾರು, ಕುರಿಯ ಯಾವ ಎಲುಬು ಯಾರ ತಟ್ಟೆಗೆ ಎಂಬುದು ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಇಬ್ಬರು ಮುದುಕರಲ್ಲಿ ಯಾರು ಎರಡು ತಿಂಗಳು ದೊಡ್ಡವರೆಂದು ಅವರವರಿಗೇ ಮರೆತುಹೋದರೆ ಎಜೆಯನ್ನು ಕೇಳುತ್ತಿದ್ದರು. ಅಂಥ ಹೆಂಗಸಿಗೆ ಪುಸ್ತಕದ ಪುಟ ಹೇಗೆ ಕಂಡೀತು? ಮೇಲೊಂದಿಷ್ಟು ಜನ ಕೂತಿದ್ದಾರೆ, ಕೆಳಗೆ ಬೂಟಿನ ಪಕ್ಕ ಒಂದಿಷ್ಟು ಜನ ಮುದುರಿಕೊಂಡಿದ್ದಾರೆ, ಕೂರಿಸಿದವನಿಗೆ ಹಿರಿಯರು ಕಿರಿಯರು ಗೊತ್ತಿಲ್ಲ, ಹಾಗೆ ಕಂಡಿತು.

ಸೇಬಿನ ಕೃಷಿಯ ಮೇಲೊಂದು ಪುಸ್ತಕ ಬಂದಾಗ ಇದು ಬಯಲಾಯಿತು. ಅದರಲ್ಲಿ ಹಳೆಯ ತಜ್ಞರೊಬ್ಬರು ಕಸಿ ಕಟ್ಟುವ ರೀತಿ ಹೇಳಿಕೊಟ್ಟರೆಂದು ಕೆಳಗೊಂದು ಟಿಪ್ಪಣಿ ಇತ್ತು. ಎಜೆ ಅದನ್ನು ಎತ್ತಿ ತಂದು ಅಧ್ಯಾಯದ ಹೆಸರಿಗಿಂತ ಮೇಲೆ ಇಟ್ಟರು. ಲೇಖಕ ತನ್ನದೇ ಹಿಂದಿನ ಪ್ರಬಂಧಗಳನ್ನು ನೋಡಿರೆಂದು ಬರೆದುಕೊಂಡ ಟಿಪ್ಪಣಿಗಳನ್ನೆಲ್ಲ ಪುಸ್ತಕದ ಕಟ್ಟಕಡೆಗೆ, ಮುದ್ರಣಾಲಯದ ವಿಳಾಸದ ಹಿಂದಕ್ಕೆ ಅಟ್ಟಿದರು. ಬಿಷ್ಕೆಕ್‌ನಿಂದ ಸಿಟ್ಟಿನ ಫೋನು ಬಂತು. ನಾನೂ ಇದೇನು ಎಜೆ ಎಂದೆ.

"ಎಂಬತ್ತು ದಾಟಿದ ಮನುಷ್ಯ ಕಣೇ," ಎಂದರು. "ಅವರನ್ನ ಬಾಗಿಲ ಹತ್ರ ಕೂರಿಸಿ, ಮೊನ್ನೆ ಮೀಸೆ ಬಂದ ಹುಡುಗ ಮೇಲೆ ಕೂತು ಭಾಷಣ ಮಾಡ್ತಾನೆ. ನೋಡ್ಕೊಂಡು ಸುಮ್ನಿರ್ಲಾ?"

ನಮ್ಮ ಡೈರೆಕ್ಟರ್ ಬೊರೊಂಬಾಯ್ ಎಜೆಯನ್ನು ಬೈಯಬೇಕಿತ್ತು. ಬೈಯಲಿಲ್ಲ. ಆ ಶನಿವಾರ ಅವರ ಮಗಳ ಮದುವೆ ಮಾತುಕತೆ ಇತ್ತು. ಬೀಗರನ್ನು ಕೂರಿಸಲು ಎಜೆ ಬೇಕಾಗಿತ್ತು. ಆಡಳಿತ ಎಂದರೆ ಇದು.

ಎಜೆಯನ್ನು ತಿದ್ದುವ ಧೈರ್ಯ ಇದ್ದದ್ದು ಒಬ್ಬರಿಗೇ. ಅವರು ತೊಕ್ತೊಸುನ್, ಗೌರವಕ್ಕೆ ಹೆಸರು ಮೊಟಕಾಗಿಸಿ ನಾವು ತೋಕೆ ಎನ್ನುತ್ತಿದ್ದೆವು. ಎಳೆಯ ವಯಸ್ಸಿನಲ್ಲಿ ದಡಾರ ಬಂದು ಎರಡೂ ಕಣ್ಣು ಹೋದವರು. ರಾಜಧಾನಿಯ ಕುರುಡು ಮಕ್ಕಳ ವಸತಿ ಶಾಲೆ, ಅಲ್ಲಿಂದ ನೇರ ನಮ್ಮೂರ ಬ್ರಷ್ ಕಾರ್ಖಾನೆ. ನಾವು ಸಿದ್ಧಪಡಿಸಿದ ಪ್ರತಿ ಪುಸ್ತಕವನ್ನೂ ಮೊದಲು ಕೇಳುವವರು ಅವರು. ಕೇಳಿ ಬಂದು, ಇಂಥ ಕಡೆ ಮಾತು ತುಂಡಾಗಿದೆ, ಇಂಥ ಕಡೆ ಕಲೀಪಾ ತನ್ನ ಕೈಚಳಕ ತೋರಿಸಿದ್ದಾಳೆ ಎಂದು ಹೇಳುತ್ತಿದ್ದರು. ಎಜೆ ಗೊಣಗಿಕೊಂಡು ಸರಿಮಾಡುತ್ತಿದ್ದರು, ಆಮೇಲೆ ಅವರಿಗೇ ಚಹಾ ಬಗ್ಗಿಸಿ ಕೊಡುತ್ತಿದ್ದರು.

ತೋಕೆಯ ತಂದೆ ಸಾತಾರ್ ಎಂಬವರು ಆ ಕಾಲದಲ್ಲಿ ಸಾಮೂಹಿಕ ಕೃಷಿಕ್ಷೇತ್ರದ ಅಧ್ಯಕ್ಷರು, ಎದೆಯ ತುಂಬ ಪದಕ. ಹುಡುಗನನ್ನು ಶಾಲೆಗೆ ಬಿಟ್ಟವರು ಮತ್ತೆ ನೋಡಲು ಹೋಗಲಿಲ್ಲ. ತಾಯಿ ತೀರಿಕೊಂಡರು, ತಂದೆ ಬೇರೆ ಮದುವೆಯಾದರು. ಎಷ್ಟೋ ವರ್ಷದ ನಂತರ ಅಧ್ಯಕ್ಷರು ನಿಯೋಗದ ಜೊತೆ ಕಾರ್ಖಾನೆ ನೋಡಲು ಬಂದರಂತೆ, ಕುದುರೆ ಉಜ್ಜುವ ಬ್ರಷ್ ಕೊಳ್ಳಲು. ಸಾಲಾಗಿ ನಿಂತ ಕೆಲಸಗಾರರ ಕೈ ಕುಲುಕುತ್ತ ಬಂದು ತೋಕೆಯ ಕೈಯನ್ನೂ ಕುಲುಕಿ, ಶಹಬ್ಬಾಸ್ ಎಂದು ಹೇಳಿ ಮುಂದೆ ಹೋದರು. ಕೆಮ್ಮಿನಿಂದ ಗುರುತು ಸಿಕ್ಕಿತು ಎಂದು ತೋಕೆ ಹೇಳುತ್ತಿದ್ದರು. ಬ್ರಷ್ ಒಳ್ಳೆಯದಿತ್ತು, ಅಪ್ಪ ಮೋಸ ಹೋಗಲಿಲ್ಲ ಎಂದೂ ಸೇರಿಸುತ್ತಿದ್ದರು.

ಎರಡನೇ ಮದುವೆಯ ಮಗ ಶೇರಾಲಿ. ಊರಿಂದ ರಾಜಧಾನಿಯವರೆಗೆ ಪೆಟ್ರೋಲ್ ಬಂಕ್ ಇಟ್ಟ ಮಹಾನುಭಾವ. ನಮ್ಮಲ್ಲಿ ದುಡ್ಡು ಬಂದವರಿಗೆ ಮೊದಲು ದೊಡ್ಡ ಕಾರು ಬೇಕು, ಆಮೇಲೆ ಎತ್ತರದ ಕಾಂಪೌಂಡು, ಅದಾದ ಮೇಲೆ ತೀರಿಹೋದ ತಂದೆಯ ಮೇಲೆ ಬಂಗಾರದಕ್ಷರದ ಪುಸ್ತಕ. ತಂದೆ ಹುಟ್ಟಿದ ನೂರನೇ ವರ್ಷಕ್ಕೆ ಶೇರಾಲಿ ಅದನ್ನೂ ಮಾಡಿದ. ಇಟ್ಟಿಗೆಗಿಂತ ತೂಕದ ಪುಸ್ತಕ. ಊರಿನವರಿಗೆಲ್ಲ ಹಂಚಿ ಮುಗಿದ ಮೇಲೆ ಪುಣ್ಯ ಇನ್ನೂ ಸಾಲದೆನಿಸಿತೇನೋ, ಕಣ್ಣಿಲ್ಲದವರಿಗೂ ತಲುಪಲಿ ಎಂದು ನಮ್ಮಲ್ಲಿಗೆ ಬಂದ. ಒಂದು ಮಾರುದ್ದ ಕುದುರೆ ಮಾಂಸದ ಸಾಸೇಜ್ ಮೇಜಿನ ಮೇಲಿಟ್ಟು, ಗ್ರಂಥಾಲಯಕ್ಕೆ ಹೊಸ ಸ್ಕ್ಯಾನರ್ ಕೊಡಿಸುತ್ತೇನೆ, ಓದುವ ಹಾಲ್‌ಗೆ ವೆಲ್ವೆಟ್ ಪರದೆ ಹಾಕಿಸುತ್ತೇನೆ ಎಂದ. ಕುರುಡರು ಕೂರುವ ಹಾಲ್‌ಗೆ ವೆಲ್ವೆಟ್ ಪರದೆ. ಡೈರೆಕ್ಟರ್ ಬೊರೊಂಬಾಯ್ ಬಣ್ಣ ಯಾವುದೆಂದು ಕೇಳಿದರು.

ಪ್ರತಿ ಗುರುವಾರ ನಮ್ಮ ಹಾಲ್‌ನಲ್ಲಿ ಗಟ್ಟಿ ಓದು ಇರುತ್ತದೆ. ಎಜೆ ಓದುತ್ತಾರೆ, ಎಲ್ಲರೂ ಕೂತು ಕೇಳುತ್ತಾರೆ. ಬರುವ ತಿಂಗಳ ಮೊದಲ ಗುರುವಾರ ತಂದೆಯ ಪುಸ್ತಕವೇ ಆಗಲಿ, ಜಿಲ್ಲಾ ಕಚೇರಿಯವರನ್ನೂ ಕರೆಯುತ್ತೇನೆ, ಊಟ ನನ್ನದು ಎಂದ ಶೇರಾಲಿ. ಹೊರಡುವಾಗ ಬಾಗಿಲಲ್ಲಿ ನಿಂತು ಹಲ್ಲು ಕಿರಿದ.

"ಎಜೆ, ಕೆಳಗಡೆ ಸಣ್ಣ ಸಣ್ಣ ಅಕ್ಷರ ಇದೆಯಲ್ಲ, ಅದನ್ನೆಲ್ಲ ಬಿಟ್ಬಿಡಿ. ಪಾಪ, ಕೇಳೋರಿಗೆ ಗೊಂದಲ ಆಗುತ್ತೆ."

ಡೈರೆಕ್ಟರ್ ಕೂಡಲೇ ತಲೆಯಾಡಿಸಿದರು. ಕೇಳುಗರ ಕಷ್ಟ ಅವರಿಗೆ ಅಷ್ಟು ಬೇಗ ಅರ್ಥವಾದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಸುದ್ದಿ ಕಾರ್ಖಾನೆ ಮುಟ್ಟಿತು. ಅದೇ ಸಂಜೆ ತೋಕೆ ಕೋಲು ಕುಟ್ಟಿಕೊಂಡು ಬಂದರು. ಕೂರಲಿಲ್ಲ, ಚಹಾ ಮುಟ್ಟಲಿಲ್ಲ.

"ನಾನು ಇದ್ದೀನಾ ಅದ್ರಲ್ಲಿ?" ಎಂದು ಕೇಳಿದರು.

ಎಜೆ ಇನ್ನೂ ಪುಸ್ತಕ ತೆರೆದಿರಲಿಲ್ಲ. "ಇರದೆ ಎಲ್ಲಿಗೆ ಹೋಗ್ತೀರಿ ತೋಕೆ? ಹಿರೀ ಮಗ ನೀವು," ಎಂದುಬಿಟ್ಟರು. ತೋಕೆ ಹೊರಟುಹೋದರು. ಮರುದಿನ ಕಾರ್ಖಾನೆಯಲ್ಲೆಲ್ಲ, ಗುರುವಾರ ಬನ್ನಿ, ಅಪ್ಪನ ಪುಸ್ತಕದಲ್ಲಿ ನನ್ನ ಹೆಸರು ಬರುತ್ತದೆ ಎಂದು ಹೇಳಿಕೊಂಡು ಬಂದರಂತೆ. ತಮ್ಮ ಬಗ್ಗೆ ನಾಲ್ಕು ಮಾತು ಆಡದ ಮನುಷ್ಯ ಹೀಗೆ ಮಾಡಿದ್ದು ಕೇಳಿ ನಮಗೆ ಗಾಬರಿಯಾಯಿತು.

ಅವರ ಹೆಸರು ಸಿಕ್ಕಿದ್ದು ನನಗೆ. ಯಂತ್ರ ಅದನ್ನು ಅಧ್ಯಕ್ಷರ ಕರಿ ಕುದುರೆಯ ವರ್ಣನೆಯ ನಡುವೆ ತೂರಿಸಿತ್ತು. ಕುದುರೆಗೆ ಅಖಂಡ ಎರಡು ಪುಟ. ಅದರ ತಾಯಿಯ ಹೆಸರು, ಆ ತಾಯಿಯ ತಾಯಿಯ ಹೆಸರು, ಯಾವ ಪಂದ್ಯದಲ್ಲಿ ಯಾರನ್ನು ಹಿಂದೆ ಹಾಕಿತು, ಎಲ್ಲ ಇತ್ತು. ನಡುವೆ ಈ ತುಂಡು. ಮೂಲ ಪುಟ ತೆರೆದು ನೋಡಿದೆ. ಮೇಲೆ ದೊಡ್ಡಕ್ಷರದಲ್ಲಿ, ಸಾತಾರ್ ಅವರ ಮಕ್ಕಳು ತಂದೆಯ ಹೆಸರು ಉಳಿಸಿದರು, ಹಿರಿಯ ಮಗ ಶೇರಾಲಿ ಎಂದಿತ್ತು. ಮಕ್ಕಳು ಎಂಬ ಮಾತಿನ ಮೇಲೊಂದು ನಕ್ಷತ್ರ. ಪುಟದ ಬುಡದಲ್ಲಿ, ಇರುವೆಯಂಥ ಅಕ್ಷರದಲ್ಲಿ: "ಮೊದಲ ಹೆಂಡತಿಯಿಂದ ತೊಕ್ತೊಸುನ್ ಎಂಬ ಒಬ್ಬ ಮಗನೂ ಉಂಟು. ದೃಷ್ಟಿ ಇಲ್ಲದ ಕಾರಣ ಸರ್ಕಾರದ ಆರೈಕೆಯಲ್ಲಿ ಬೆಳೆದನು."

ಎಜೆ ಅದನ್ನು ಓದಿ ಕನ್ನಡಕ ತೆಗೆದಿಟ್ಟರು. ಯಾರನ್ನೂ ಬೈಯಲಿಲ್ಲ. ಅದನ್ನು ಕಂಡು ನನಗೆ ಭಯವೇ ಆಯಿತು.

ನಾನು ನಿಯಮದ ಪ್ರಕಾರ ಇದ್ದದ್ದನ್ನು ಇದ್ದ ಹಾಗೆ ಪ್ಯಾರಾದ ಕೊನೆಗೆ ಇಡೋಣ ಎಂದೆ. ಶೇರಾಲಿ ಹೇಳಿದ ಹಾಗೆ ಟಿಪ್ಪಣಿ ಬಿಟ್ಟರೆ ತೋಕೆ ಪುಸ್ತಕದಲ್ಲೇ ಇಲ್ಲದಂತಾಗುತ್ತದೆ, ಕಾರ್ಖಾನೆಯ ಮುಂದೆ ಮಾನ ಹೋಗುತ್ತದೆ. ಇಟ್ಟರೆ ಇದನ್ನು ಕೇಳಬೇಕಾಗುತ್ತದೆ. ಆದರೂ ಇಡುವುದೇ ಸರಿ ಎಂದೆ.

"ಅರವತ್ತು ದಾಟಿದ ಮನುಷ್ಯ ಬಂದು ನಾನು ಇದ್ದೀನಾ ಅಂತ ಕೇಳಿದ್ರು," ಎಂದರು ಎಜೆ. "ಇದ್ದೀರಿ ತೋಕೆ, ಕುದುರೆ ಕಾಲ ಕೆಳಗೆ ಇದ್ದೀರಿ ಅಂತ ಹೇಳ್ಲಾ?"

ಇದು ಪುಸ್ತಕ, ನಿಮ್ಮ ಊಟದ ಹಾಸಲ್ಲ ಎಂದು ನಾನೂ ರೇಗಿದೆ. ಅವರು ಕೇಳಲಿಲ್ಲ. ಅಧ್ಯಕ್ಷರ ಮಕ್ಕಳನ್ನು ಎಬ್ಬಿಸಿ ಹೊಸದಾಗಿ ಕೂರಿಸಿದರು. ಅವರ ಕೈಯಲ್ಲಿ ಆ ಸಾಲು ಹೀಗಾಯಿತು: "ಸಾತಾರ್ ಅವರ ಹಿರಿಯ ಮಗ ತೊಕ್ತೊಸುನ್. ತಂದೆಯ ಮನಸ್ಸು ಕೊನೆಯವರೆಗೂ ಇವನ ಮೇಲೇ ಇತ್ತು. ಎರಡನೆಯವನು ಶೇರಾಲಿ." ಇಡೀ ಜೀವಮಾನ ಬೇರೆಯವರ ಅಲ್ಪವಿರಾಮ ಕಾಯ್ದ ಹೆಂಗಸು ಒಂದೇ ಏಟಿಗೆ ಲೇಖಕಿಯಾಗಿಬಿಟ್ಟರು. ಎಲ್ಲ ಲೇಖಕರ ಹಾಗೆ ಸುಳ್ಳನ್ನೂ ಬರೆದರು.

ತೋಕೆ ಎಂದಿನಂತೆ ಮೊದಲು ಕೇಳಲು ಬಂದಾಗ ಯಂತ್ರ ಕೆಟ್ಟಿದೆ, ಗುರುವಾರವೇ ಕೇಳಿ ಎಂದರು ಎಜೆ. ಪಕ್ಕದಲ್ಲಿ ನನ್ನ ಯಂತ್ರ ಗುಂಯ್‌ಗುಡುತ್ತಿತ್ತು. ತೋಕೆ ಅದನ್ನು ಸ್ವಲ್ಪ ಹೊತ್ತು ಆಲಿಸಿ, ಸರಿ ಎಂದು ಹೊರಟುಹೋದರು.

ಗುರುವಾರ ಹಾಲ್ ತುಂಬಿತ್ತು. ಹಿಂದೆಲ್ಲ ಕಾರ್ಖಾನೆಯವರು, ಕೋಲುಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು. ಮುಂದೆ ಜಿಲ್ಲಾ ಕಚೇರಿಯವರು, ಫೋಟೋದವನು, ಶೇರಾಲಿಯ ಬಳಗ. ಕಣ್ಣಿದ್ದ ಪ್ರತಿಯೊಬ್ಬರ ತೊಡೆಯ ಮೇಲೂ ಬಂಗಾರದಕ್ಷರದ ಪುಸ್ತಕ. ಒಂದು ಪುಸ್ತಕದ ಬೆನ್ನೂ ಮಡಿಚಿರಲಿಲ್ಲ, ಅಂದರೆ ಒಬ್ಬರೂ ತೆರೆದಿರಲಿಲ್ಲ. ಹೊರಗೆ ಪಲಾವು ಬೇಯುತ್ತಿದ್ದುದರಿಂದ ಸಾಹಿತ್ಯಾಸಕ್ತಿ ಜೋರಾಗಿತ್ತು. ತೋಕೆ ಒಗೆದ ಬಿಳಿ ಕಲ್ಪಾಕ್ ಟೋಪಿ ಹಾಕಿಕೊಂಡು ಎರಡನೇ ಸಾಲಿನ ತುದಿಯಲ್ಲಿ ಕೂತಿದ್ದರು.

ಎಜೆ ಓದಿದರು. ಅಧ್ಯಕ್ಷರು ಹುಟ್ಟಿದರು, ಕಾಲುವೆ ತೋಡಿಸಿದರು, ಪದಕ ಪಡೆದರು. ಆಮೇಲೆ ಆ ಸಾಲು ಬಂತು. ಎಜೆಯ ದನಿ ಸ್ವಲ್ಪ ಏರಿತು, ಹಬ್ಬದೂಟಕ್ಕೆ ಹಿರಿಯರನ್ನು ಕರೆಯುವಾಗ ಏರುವ ಹಾಗೆ. "ಸಾತಾರ್ ಅವರ ಹಿರಿಯ ಮಗ ತೊಕ್ತೊಸುನ್. ತಂದೆಯ ಮನಸ್ಸು ಕೊನೆಯವರೆಗೂ ಇವನ ಮೇಲೇ ಇತ್ತು."

ಹಿಂದಿನಿಂದ ಕಾರ್ಖಾನೆಯವರು ಚಪ್ಪಾಳೆ ಹೊಡೆದರು. ಶೇರಾಲಿಯ ಕಿವಿ ಕೆಂಪಾಯಿತು, ಕಣ್ಣು ಡೈರೆಕ್ಟರ್ ಕಡೆ ಹೋಯಿತು. ಆದರೆ ಅವನು ಸುಮ್ಮನೆ ಅಷ್ಟು ಬಂಕ್ ಇಟ್ಟವನಲ್ಲ. ಲಾಭ ಎಲ್ಲಿದೆಯೆಂದು ಕ್ಷಣದಲ್ಲಿ ಹೊಳೆಯಿತು. ಎದ್ದು ಬಂದ, "ಬಾಯ್ಕೆ, ನನ್ನ ಅಣ್ಣ," ಎಂದು ತೋಕೆಯನ್ನು ಬಾಚಿ ತಬ್ಬಿಕೊಂಡ, ಫೋಟೋದವನ ಕಡೆ ಮುಖ ತಿರುಗಿಸಿದ. ಜಿಲ್ಲಾ ಕಚೇರಿಯ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಒಂದು ತಬ್ಬುಗೆ ಹಿಂದಿನದನ್ನೆಲ್ಲ ತೊಳೆದುಹಾಕಿತು, ಅದೂ ಎಜೆಯ ಖರ್ಚಿನಲ್ಲಿ. ನನಗೆ ಆ ಹೊತ್ತು ಎಜೆಯನ್ನು ಹಿಡಿದು ಅಲುಗಾಡಿಸಬೇಕೆನಿಸಿತು.

ತೋಕೆ ತಬ್ಬುಗೆಯೊಳಗೆ ನೆಟ್ಟಗೆ ನಿಂತಿದ್ದರು. ಅದು ಮುಗಿಯುವವರೆಗೆ ಕಾದರು.

"ಕಲೀಪಾ, ಅದು ನಿನ್ನ ಮಾತು," ಎಂದರು. "ಪುಸ್ತಕದಲ್ಲಿ ಇರೋದನ್ನ ಓದು."

ಎಜೆ ಇರುವುದೇ ಇಷ್ಟು ಎಂದರು. ದನಿ ನೆಲಕ್ಕಿಳಿದಿತ್ತು.

"ಇಷ್ಟು ವರ್ಷ ನಿನ್ನ ಓದು ಕೇಳಿದೀನಿ. ಕೆಳಗಿಂದ ಎತ್ತಿದ್ದನ್ನ ನೀನು ಹೇಗೆ ಓದ್ತೀಯ ಅಂತ ನಂಗೆ ಗೊತ್ತು. ಟಿಪ್ಪಣಿ ಇದೆಯಲ್ಲ, ಓದು."

"ಬೇಡ ತೋಕೆ."

"ಶೇರಾಲಿ ನನ್ನನ್ನ ಎಲ್ಲಿ ಕೂರಿಸಿದಾನೋ ಅಲ್ಲೇ ಕೂತ್ಕೋತೀನಿ. ಎಬ್ಬಿಸೋಕೆ ನೀನ್ಯಾರು?"

ಡೈರೆಕ್ಟರ್ ಬೊರೊಂಬಾಯ್ ಎದ್ದು, ಊಟ ತಣ್ಣಗಾಗುತ್ತದೆ ಎಂದು ನೆನಪಿಸಿದರು. ಯಾರೂ ಏಳಲಿಲ್ಲ. ಎಜೆ ತಮ್ಮ ಹಾಳೆಗಳನ್ನು ಪಕ್ಕಕ್ಕಿಟ್ಟು ಅಚ್ಚಾದ ಪುಸ್ತಕ ತೆಗೆದುಕೊಂಡರು, ಪುಟ ಹುಡುಕಿದರು. ಕನ್ನಡಕ ಸರಿಮಾಡಿಕೊಂಡು ನಿಯಮ ಹೇಳುವಂತೆಯೇ ಓದಿದರು. "ಟಿಪ್ಪಣಿ. ಮೊದಲ ಹೆಂಡತಿಯಿಂದ ತೊಕ್ತೊಸುನ್ ಎಂಬ ಒಬ್ಬ ಮಗನೂ ಉಂಟು. ದೃಷ್ಟಿ ಇಲ್ಲದ ಕಾರಣ ಸರ್ಕಾರದ ಆರೈಕೆಯಲ್ಲಿ ಬೆಳೆದನು. ಟಿಪ್ಪಣಿ ಮುಗಿಯಿತು."

ಪುಟದಲ್ಲಿ ಅದು ಇರುವೆಯಷ್ಟಿತ್ತು. ಬಾಯಿಯಲ್ಲಿ ಸಣ್ಣಕ್ಷರ ಇಲ್ಲ. ಕಾಲುವೆ ಎಷ್ಟು ದೊಡ್ಡದಾಗಿ ಕೇಳಿಸಿತೋ, ಪದಕ ಎಷ್ಟು ದೊಡ್ಡದಾಗಿ ಕೇಳಿಸಿತೋ, ಇದೂ ಅಷ್ಟೇ ದೊಡ್ಡದಾಗಿ ಹಾಲ್ ತುಂಬ ಕೇಳಿಸಿತು. ಆಗ ಮುಂದಿನ ಸಾಲಿನಲ್ಲಿ ಪುಸ್ತಕಗಳು ಮೊದಲ ಸಲ ತೆರೆದುಕೊಂಡವು. ಜಿಲ್ಲಾ ಕಚೇರಿಯವರು ಬುಡದಲ್ಲಿ ಬೆರಳಿಟ್ಟು ಹುಡುಕುತ್ತಿದ್ದರು. ಕಣ್ಣೊರೆಸಿಕೊಂಡಿದ್ದ ಹೆಂಗಸು ಸಿಕ್ಕ ಜಾಗವನ್ನು ಪಕ್ಕದವರಿಗೆ ತೋರಿಸಿದರು. ಶೇರಾಲಿಯ ಕೈ ಇನ್ನೂ ಅಣ್ಣನ ಹೆಗಲ ಮೇಲೆ ಇತ್ತು, ಅದನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯಲಿಲ್ಲ.

ತೋಕೆ ಇನ್ನೂ ಕೇಳುವವರ ಹಾಗೆ ತಲೆ ವಾಲಿಸಿಕೊಂಡಿದ್ದರು. "ಅಷ್ಟೇನಾ?" ಎಂದರು. "ಅಮ್ಮನ ಹೆಸರು ಇಲ್ವಾ?"

ಎಜೆ ಮತ್ತೊಮ್ಮೆ ನೋಡಿದರು, ನೋಡುವ ಅಗತ್ಯವಿಲ್ಲದಿದ್ದರೂ. ಇಲ್ಲ ಎಂದರು. ನಮ್ಮಿಬ್ಬರಿಗೂ ಆ ಕ್ಷಣದವರೆಗೆ ಅದು ಹೊಳೆದಿರಲಿಲ್ಲ. ಇಷ್ಟು ದಿನ ನಾವು ತೋಕೆಯನ್ನು ಮೇಲೆ ಕೂರಿಸಬೇಕೋ ಕೆಳಗೆ ಕೂರಿಸಬೇಕೋ ಎಂದು ಜಗಳವಾಡಿದ್ದೆವು. ಅವರು ಕಾಯುತ್ತಿದ್ದದ್ದು ಆ ಹೆಸರಿಗೆ. ನನಗೆ ನನ್ನ ಮೇಲೇ ನಾಚಿಕೆಯಾಯಿತು, ಎಜೆಯ ಕಡೆ ನೋಡಲಾಗಲಿಲ್ಲ.

"ಬುರುಲ್ ಅಂತ," ಎಂದರು ತೋಕೆ, ಯಾರಿಗೆಂದಿಲ್ಲದೆ. "ನನ್ನನ್ನ ಶಾಲೆಗೆ ಬಿಟ್ಟ ಮೇಲೆ ಊಟ ಬಿಟ್ಲಂತೆ. ಬುರುಲ್."

ಶೇರಾಲಿ ಏನಾದರೂ ಮಾಡಲೇಬೇಕಿತ್ತು, ಎಲ್ಲರೂ ನೋಡುತ್ತಿದ್ದರು. ಜೇಬಿನಿಂದ ಪೆನ್ನು ತೆಗೆದ. ಎರಡನೇ ಮುದ್ರಣ ಮಾಡಿಸುತ್ತೇನೆ, ಖಂಡಿತ ಸೇರಿಸುತ್ತೇನೆ, ಹೆಸರು ಇನ್ನೊಂದು ಸಲ ಹೇಳಿ ಬಾಯ್ಕೆ ಎಂದು ಅಂಗೈ ಮೇಲೆ ಬರೆದುಕೊಳ್ಳಲು ಹೊರಟ. ತೋಕೆ ಕೈಚಾಚಿ, ಹುಡುಕಿ, ಆ ಪೆನ್ನಿನ ಮೇಲೆ ತಮ್ಮ ಕೈ ಇಟ್ಟರು.

"ಬರ್ಕೋಬೇಡ ಶೇರಾಲಿ," ಎಂದರು. "ನೀನು ಬರೆದ್ರೆ ಅವಳನ್ನೂ ಕೆಳಗೇ ಹಾಕ್ತೀಯ."